ಹರಿಣಾಕ್ಷಿ ಅಕ್ಕನ ಆಪರೇಷನ್

ಹರಿಣಾಕ್ಷಿ ಅಕ್ಕನಿಗೆ ಎಂಬತ್ತಾರನೇ ಇಸವಿಯಲ್ಲಿ ಆದದ್ದು ಗರ್ಭಕೋಶದ ಆಪರೇಷನ್ ಎಂದು ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಅದು ಸುಳ್ಳು. ಆದದ್ದು ಕ್ಯಾನ್ಸರಿನ ಆಪರೇಷನ್, ಎಡಗಡೆಯ ಮೊಲೆಯನ್ನು ಪೂರ್ತಿ ತೆಗೆದಿದ್ದರು. ಇದು ಗೊತ್ತಿದ್ದದ್ದು ಅವರ ಗಂಡ ಗುರುಪ್ರಸಾದರಿಗೆ, ಡಾಕ್ಟರಿಗೆ ಮತ್ತು ನನಗೆ. ನನಗೆ ಗೊತ್ತಾದದ್ದೂ ನಾನೇನೋ ಭಾರೀ ನಂಬಿಕಸ್ಥಳು ಅಂತಲ್ಲ, ತೆಲುಗಿನ ದೆಸೆಯಿಂದ. ನಾನು ಅವರ ಪಕ್ಕದ ಮನೆಯವಳು, ಬಳ್ಳಾರಿಯಿಂದ ಬಂದವಳು, ತೆಲುಗು ನನಗೆ ಸಲೀಸು. ಅವರು ಉಡುಪಿ ಕಡೆಯವರು, ನರ್ಸು ಹೇಳಿದ್ದು ತಲೆಗೆ ಹೋಗುತ್ತಿರಲಿಲ್ಲ. ಹಾಗಾಗಿ ಆಸ್ಪತ್ರೆಗೆ ನನ್ನನ್ನು ಜೊತೆಗೆ ಕರೆದುಕೊಂಡರು.

ಆ ಸುಳ್ಳನ್ನು ಹೊಸೆದವರು ಗುರುಪ್ರಸಾದರು. ಬ್ಯಾಂಕಿನ ಆಫೀಸರು, ಅಳೆದು ತೂಗಿ ಮಾತಾಡುವ ಮನುಷ್ಯ. ಆ ಸೀಮೆಯಲ್ಲಿ ಗರ್ಭಕೋಶ ತೆಗೆಸಿಕೊಂಡ ಹೆಂಗಸರು ಬೀದಿಬೀದಿಗೂ ಸಿಗುತ್ತಿದ್ದರು. ಹಾಗೆಂದುಬಿಟ್ಟರೆ ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಇನ್ನೊಂದರ ಹೆಸರೆತ್ತಿದರೆ ಮಗಳು ಶುಭಾಳ ಗತಿ?

"ತಾಯಿಗೆ ಬಂದದ್ದು ಮಗಳಿಗೆ ಬರುವುದಿಲ್ಲವಾ ಅಂತ ಕೇಳ್ತಾರೆ ಅನಸೂಯಮ್ಮ. ನಾನು ಎಂತ ಉತ್ತರ ಕೊಡುವುದು?" ಎಂದರು ನನ್ನ ಹತ್ತಿರ.

ಶುಭಾ ಆಗಿನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಆದರೂ ಅವರ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ನಮ್ಮ ಮನೆಯವರೂ ಅದೇ ಬ್ಯಾಂಕಿನವರು, ಅಲ್ಲಿ ಸುದ್ದಿ ಓಡುವ ವೇಗ ನನಗೂ ಗೊತ್ತಿತ್ತು. ಊರೂರು ವರ್ಗವಾಗುವ ಜನ, ಹೋದಲ್ಲೆಲ್ಲ ಕನ್ನಡದವರನ್ನು ಹುಡುಕಿಕೊಂಡು ಕೂರುವ ಜನ. ನಮ್ಮಲ್ಲಿ ಒಬ್ಬರಿಗೆ ನೆಗಡಿಯಾದರೆ ವಿಜಯವಾಡದ ಶಾಖೆಗೆ ಗೊತ್ತಾಗಿ, ಅಲ್ಲಿಂದ ಉಡುಪಿಗೂ ಮುಟ್ಟಿರುತ್ತಿತ್ತು.

ಮೊಲೆ ಹೋದ ಮೇಲೆ ಹೇಗೆ ಬಾಳಬೇಕೆಂದು ಹೇಳಿಕೊಡುವವರು ಆಗ ಯಾರಿದ್ದರು? ಡಾಕ್ಟರು ದಕ್ಷಿಣಾಮೂರ್ತಿ ಒಳ್ಳೆಯವರು. ಕೈ ಸ್ವಾಧೀನಕ್ಕೆ ಬರಲು ಗೋಡೆಯ ಮೇಲೆ ಬೆರಳು ಹತ್ತಿಸಿ ಎಂದರು, ರವಿಕೆಯ ಮಾತೆತ್ತಲು ಅವರಿಗೂ ಸಂಕೋಚ. ಅಕ್ಕ ತಾವೇ ಬೂರುಗದ ಹತ್ತಿಯ ಮೆತ್ತೆಯೊಂದನ್ನು ಹೊಲಿದು ಒಳಗಿಟ್ಟುಕೊಂಡರು. ಹಗುರಾಗಿ ಅದು ಕತ್ತಿನ ಕಡೆ ಏರುತ್ತಿತ್ತು. ಭಾರಕ್ಕೆಂದು ಸಾಸಿವೆ ತುಂಬಿದರು. ಆ ಊರಿನ ಬೆವರಿಗೆ ಸಾಸಿವೆ ಮುಗ್ಗಲು ಹಿಡಿಯಿತು. "ಒಗ್ಗರಣೆ ಡಬ್ಬಿ ಕಟ್ಟಿಕೊಂಡು ತಿರುಗ್ತಿದ್ದೇನೆ ಮಾರಾಯ್ತಿ" ಎಂದು ನಗುತ್ತಿದ್ದರು. ನನ್ನ ಮುಂದೆ ಮಾತ್ರ ನಗು. ಬಚ್ಚಲಿನ ಕನ್ನಡಿಯ ಮೇಲೆ ಹಳೇ ಟವೆಲ್ಲು ಹೊದಿಸಿದ್ದನ್ನು ನಾನು ನೋಡಿದ್ದೇನೆ.

ಕೊನೆಯ ಸಲ ತೋರಿಸಲು ಹೋದಾಗ ಡಾಕ್ಟರು ಒಂದು ಮಾತು ಕೇಳಿದ್ದರು. ಈ ಕಾಯಿಲೆಯ ಹೆಂಗಸರು ಆಪರೇಷನ್ ಅಂದರೆ ಹೆದರಿ ಓಡಿಹೋಗುತ್ತಾರೆ, ನೀವು ಯಾವಾಗಲಾದರೂ ಬಂದು ಅವರ ಜೊತೆ ಕೂತು ಮಾತಾಡುತ್ತೀರಾ, ನನ್ನ ಮಾತಿಗಿಂತ ನಿಮ್ಮನ್ನು ನೋಡಿದರೆ ಧೈರ್ಯ ಬರುತ್ತದೆ ಎಂದು. ಅಕ್ಕ ತಲೆಯಾಡಿಸಿದರು. ಮನೆಗೆ ಬಂದು ಗಂಡನಿಗೆ ಹೇಳಿದರು. ಗುರುಪ್ರಸಾದರು ಊಟದ ತಟ್ಟೆಯಿಂದ ತಲೆಯೆತ್ತದೆ, "ಶುಭಾಳ ಮದುವೆ ಆಗಲಿ" ಎಂದರು. ಅಲ್ಲಿಗೆ ಆ ಮಾತು ನಿಂತಿತು.

ಅಕ್ಕನ ಮೇಲಿನ ಮನೆಯಲ್ಲಿದ್ದವಳು ಭ್ರಮರಾಂಬ, ಬಂದರಿನ ಗುಮಾಸ್ತರ ಹೆಂಡತಿ. ಅವಳ ಮಗಳು ವಿಜಯಲಕ್ಷ್ಮೀ ನಮ್ಮ ಶುಭಾಳಿಗಿಂತ ಎರಡು ಕ್ಲಾಸು ಕೆಳಗೆ. ಭ್ರಮರಾಂಬಳಿಗೂ ಗರ್ಭಕೋಶ ತೆಗೆದಿದ್ದರು, ಅವಳದ್ದು ನಿಜವಾಗಿ. ಆ ಲೆಕ್ಕದಲ್ಲಿ ಅಕ್ಕ ತನ್ನ ಪೈಕಿ ಎಂದುಕೊಂಡಿದ್ದಳು. ಆಪರೇಷನ್ ಆದ ಕಡೆಯ ಕೈ ಬಾತುಕೊಂಡು ಅಕ್ಕನಿಗೆ ಬಟ್ಟೆ ಹಿಂಡಲಾಗುತ್ತಿರಲಿಲ್ಲ. ಬಚ್ಚಲಲ್ಲಿ ಜಾರಿದ್ದೆ ಎಂದು ಹೇಳಿದ್ದರು. ಪುಣ್ಯಾತ್ಗಿತ್ತಿ ಭ್ರಮರಾಂಬ ಅದನ್ನು ನಂಬಿ, ವರ್ಷಗಟ್ಟಲೆ ಮಹಡಿಯ ಮೇಲೆ ಇವರ ಹಾಸಿಗೆ ಹೊದಿಕೆಗಳನ್ನೂ ತಾನೇ ಹಿಂಡಿ ಒಣಗಿಸಿದಳು. "ವದಿನಾ, ನೀವು ಮುಟ್ಟಬೇಡಿ" ಎನ್ನುತ್ತಿದ್ದಳು. ವದಿನ ಅಂದರೆ ಅತ್ತಿಗೆ. ಅವಳು ಆಡುತ್ತಿದ್ದದ್ದು ತೆಲುಗು, ನಾನು ಕನ್ನಡ ಮಾಡಿ ಹೇಳುತ್ತಿದ್ದೇನೆ.

ತೊಂಬತ್ತೆರಡರ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಭ್ರಮರಾಂಬ ನಮ್ಮಿಬ್ಬರನ್ನೂ ಒಳಕೋಣೆಗೆ ಕರೆದು ಬಾಗಿಲು ಹಾಕಿ ಹೇಳಿದಳು. ಮೊಲೆಯಲ್ಲಿ ಗಂಟು. ಡಾಕ್ಟರು ಬೇಗ ಆಪರೇಷನ್ ಮಾಡಿಸು, ಉಳಿಯುತ್ತೀಯ ಎಂದಿದ್ದಾರೆ. ಇವಳು ಒಲ್ಲೆನೆಂದು ಎದ್ದು ಬಂದಿದ್ದಾಳೆ. ಮಧುರವಾಡದ ಹತ್ತಿರದ ಹಳ್ಳಿಯಲ್ಲಿ ಒಬ್ಬ ಮುದುಕ ಎಲೆ ಅರೆದು ಮದ್ದು ಕೊಡುತ್ತಾನೆ, ಅದನ್ನೇ ಕಟ್ಟುತ್ತೇನೆ ಎಂದಳು.

"ನಮ್ಮ ಅತ್ತೆಗೆ ಇದೇ ಬಂದಿತ್ತು. ಕತ್ತಿ ಸೋಕಿದ್ದೇ ತಡ, ಹಾಸಿಗೆ ಹಿಡಿದು ಹೋಗಿಬಿಟ್ಟರು."

"ಹಂಗೇನಿಲ್ಲ, ಬದುಕಿದವರು ಇದ್ದಾರೆ. ನನಗೇ ಗೊತ್ತಿದ್ದವರು ಇದ್ದಾರೆ" ಎಂದೆ ನಾನು.

"ಯಾರು? ಒಬ್ಬರನ್ನು ತೋರಿಸು. ಕಣ್ಣಾರೆ ನೋಡಿದರೆ ನಾಳೆಯೇ ಹೋಗಿ ಮಲಗುತ್ತೇನೆ."

ಅವಳ ಪಕ್ಕದಲ್ಲೇ, ಒಂದೇ ಚಾಪೆಯ ಮೇಲೆ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಹರಿಣಾಕ್ಷಿ ಅಕ್ಕ ಕೂತಿದ್ದರು. ನಾನು ಅವರ ಮುಖ ನೋಡಿದೆ. ಅವರು ಸೆರಗಿನ ಅಂಚನ್ನು ಮಡಿಸುತ್ತಾ ಬಿಚ್ಚುತ್ತಾ ಇದ್ದರು. ನಾನು ಹೆಸರು ಹೇಳುವ ಹಾಗಿಲ್ಲ. ಹೇಳಬೇಕಾದವರು ಹೇಳುತ್ತಿಲ್ಲ. ಹೆಸರಿಲ್ಲದವರು ಬದುಕಿದ್ದರೆ ಅವಳಿಗೇನು ಬಂತು? ಭ್ರಮರಾಂಬ ಎದ್ದು ಕಾಫಿಗಿಟ್ಟಳು.

ಕೆಳಗೆ ಬಂದವಳೇ ನಾನು ಅಕ್ಕನ ಮೇಲೆ ಹರಿಹಾಯ್ದೆ. "ಏನ್ರೀ ಅಕ್ಕಾ, ನಿಮಗೇನರ ಕರುಳು ಐತೇನು? ಆಕಿ ಸಾಯ್ತಾಳ್ರೀ."

"ನನಗೆ ಗೊತ್ತುಂಟು" ಎಂದರು ಅಕ್ಕ. ಅಷ್ಟೇ ಹೇಳಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು.

ಕಷ್ಟ ಏನೆಂದರೆ ಆ ತಿಂಗಳೇ ಶುಭಾಳ ಸಂಬಂಧ ಕುದುರಿತ್ತು. ಮಂಗಳೂರಿನ ಹುಡುಗ. ಗುರುಪ್ರಸಾದರಿಗೆ ಆಗ ವಿಜಯವಾಡಕ್ಕೆ ವರ್ಗವಾಗಿ, ಅಲ್ಲಿ ಕೋಣೆ ಮಾಡಿಕೊಂಡು ಶನಿವಾರ ಶನಿವಾರ ಬರುತ್ತಿದ್ದರು. ಹುಡುಗನ ಸೋದರಮಾವ ಅದೇ ಶಾಖೆಯಲ್ಲಿ ಇವರ ಎದುರಿನ ಮೇಜಿನವರು. ಮೇ ತಿಂಗಳಲ್ಲಿ ಮದುವೆ. ಆ ಶನಿವಾರ ಅಕ್ಕ ಗಂಡನಿಗೆ ಕೈಮುಗಿದು ಕೇಳಿದರಂತೆ, ಅವಳೊಬ್ಬಳಿಗೆ ಹೇಳುತ್ತೇನೆ ಎಂದು. ಭ್ರಮರಾಂಬಳ ಬಾಯಿಗೆ ಬಿದ್ದರೆ ಊರಿಗೆಲ್ಲ ಡಂಗುರ ಎಂಬುದು ಗುರುಪ್ರಸಾದರ ವಾದ. ಅವಳು ಊರವರ ಸುದ್ದಿಯನ್ನೆಲ್ಲ ಹರಡುತ್ತಿದ್ದದ್ದು ಹೌದು. "ಒಂದು ಮೂರು ತಿಂಗಳು ತಡೆ. ಅಷ್ಟರಲ್ಲಿ ಎಂತ ಆಗ್ತದೆ?" ಎಂದರಂತೆ. ಆ ಮನುಷ್ಯನನ್ನು ಬೈಯಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಹೆಂಡತಿಯ ಗಾಯವನ್ನು ತನ್ನ ಕೈಯಾರೆ ತೊಳೆದವರೂ ಅವರೇ. ಬೈಯಲಾಗಲಿಲ್ಲ.

ಏಪ್ರಿಲಿನಲ್ಲಿ ಅಕ್ಕ ತಡೆಯಲಾರದೆ, ಗಂಡನಿಗೆ ಹೇಳದೆ ನನ್ನನ್ನೂ ಕರೆದುಕೊಂಡು ಮೆಟ್ಟಿಲು ಹತ್ತಿದರು. ಹೇಳಿಯೇ ಬಿಡುತ್ತೇನೆ ಎಂದಿದ್ದರು. ಭ್ರಮರಾಂಬ ಸೊರಗಿದ್ದಳು, ಮನೆಯೆಲ್ಲ ಹಸಿ ಎಲೆಯ ಒಗರು ವಾಸನೆ. ಅಕ್ಕ ಕೂರುವ ಮೊದಲೇ ಅವಳು ಕೈ ಅಡ್ಡ ಹಿಡಿದಳು.

"ಮದುವೆ ಮನೆಯವರು ರೋಗದ ಮನೆಯಲ್ಲಿ ಕೂರಬಾರದು ವದಿನಾ. ನನ್ನಿಂದ ಮಗುವಿಗೆ ಏನೂ ಆಗಬಾರದು."

ಹಾಗೆಂದು ನಿಲ್ಲಿಸಿಕೊಂಡೇ ಅರಿಶಿನ ಕುಂಕುಮ ಕೊಟ್ಟಳು, ವೀಳ್ಯದೆಲೆಯ ಮೇಲೆ ಒಂದು ಹಸಿರು ರವಿಕೆ ಕಣ ಇಟ್ಟು ಕೈಗೆ ಹಾಕಿದಳು. ಹುಡುಗಿಯ ತಾಯಿಯನ್ನು ಬರಿಗೈಯಲ್ಲಿ ಕಳಿಸಬಾರದಲ್ಲ. ಅಕ್ಕ ಆ ಕಣ ಹಿಡಿದುಕೊಂಡು ಹೊಸ್ತಿಲಲ್ಲಿ ಬಾಯಿ ತೆರೆದರು. ಅವಳು "ಹೋಗಿ ಹೋಗಿ" ಎಂದು ಬಾಗಿಲು ಮುಂದೆ ಮಾಡಿದಳು. ನನಗೆ ಅಳು ಬಂತು. ಯಾರನ್ನು ದೂರುವುದು, ಹೇಳಿ.

ಮದುವೆ ಚೆನ್ನಾಗಿಯೇ ಆಯಿತು. ಊರಿಂದ ಬಂದ ಮರುದಿನ ಬೆಳಿಗ್ಗೆ ಅಕ್ಕ ಲಾಡು ಚಕ್ಕುಲಿಯ ಡಬ್ಬಿ ಹಿಡಿದುಕೊಂಡು ನನ್ನನ್ನು ಕೂಗಿದರು. ಮೇಲೆ ಹೋಗಿ ಡಬ್ಬಿ ಇಟ್ಟವರೇ, "ಭ್ರಮರಾಂಬಗಾರು, ನನಗೆ ಕೂಡ" ಎಂದು ತಮ್ಮ ಹರುಕು ತೆಲುಗಿನಲ್ಲಿ ಶುರುಮಾಡಿದರು. ಬಾಗಿಲ ಚಿಲಕ ಹಾಕಿ ರವಿಕೆಯ ಗುಂಡಿ ಬಿಚ್ಚಿದರು. ಗಂಡ, ಡಾಕ್ಟರು ಬಿಟ್ಟರೆ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಕಂಕುಳಿನಿಂದ ನಡುಎದೆಯವರೆಗೆ ಒಂದು ಓರೆ ಗೆರೆ, ಉಳಿದದ್ದು ಚಪ್ಪಟೆ ಚರ್ಮ. ಭ್ರಮರಾಂಬ ಮೆಲ್ಲಗೆ ಅದರ ಮೇಲೆ ಅಂಗೈ ಇಟ್ಟಳು.

"ನೋವಿದೆಯಾ?"

"ಇಲ್ಲ."

"ಅಡುಗೆ, ಕೆಲಸ, ಎಲ್ಲ ಮಾಡುತ್ತೀರಿ."

"ಎಲ್ಲ ಮಾಡ್ತೇನೆ. ಬಟ್ಟೆ ಹಿಂಡುವುದೊಂದು ಬಿಟ್ಟು."

"ನಡೆಯಿರಿ ಹಾಗಾದರೆ, ಆಸ್ಪತ್ರೆಗೆ ಹೋಗೋಣ" ಎಂದಳು ಭ್ರಮರಾಂಬ. ಸೀರೆಯನ್ನೂ ಬದಲಿಸಲಿಲ್ಲ. ಆಟೋದಲ್ಲಿ ಇಬ್ಬರೂ ಕೈಕೈ ಹಿಡಿದುಕೊಂಡು ಕೂತಿದ್ದರು, ಆಪರೇಷನ್ ಆದ ಮೇಲೆ ಎಷ್ಟು ದಿನಕ್ಕೆ ತಲೆಸ್ನಾನ ಮಾಡಬಹುದು ಎಂಬ ಮಾತು ನಡೆದಿತ್ತು. ನನಗೂ ಆಸೆ ಚಿಗುರಿತು. ದೇವರೇ, ಈಗಲಾದರೂ ಆಯಿತಲ್ಲ ಎಂದುಕೊಂಡೆ.

ದಕ್ಷಿಣಾಮೂರ್ತಿ ಡಾಕ್ಟರು ಪರೀಕ್ಷೆ ಮಾಡಿದರು, ಎಕ್ಸ್‌ರೇ ತೆಗೆಸಿದರು. ಆಮೇಲೆ ನನ್ನೊಬ್ಬಳನ್ನೇ ಒಳಗೆ ಕರೆದರು. ಗಂಟು ಬೆನ್ನಿನ ಮೂಳೆಗೂ ಶ್ವಾಸಕೋಶಕ್ಕೂ ಹಬ್ಬಿದೆ, ಈಗ ಕೊಯ್ದು ಪ್ರಯೋಜನವಿಲ್ಲ, ನೋವು ಕಡಿಮೆಯಾಗಲು ಮಾತ್ರೆ ಕೊಡುತ್ತೇನೆ ಎಂದರು. ಜನವರಿಯಲ್ಲೇ ಮಾಡಿಸಿದ್ದರೆ ಎಂಬ ಪ್ರಶ್ನೆ ನುಂಗಿಕೊಂಡು ಮಾತ್ರೆಯ ಚೀಟಿ ತೆಗೆದುಕೊಂಡೆ. ಕೇಳಿ ಮಾಡುವುದೇನು.

ಹೊರಗೆ ಬೆಂಚಿನ ಮೇಲೆ ಅವರಿಬ್ಬರೂ ಕಾಯುತ್ತಿದ್ದರು. ನನ್ನ ಮುಖ ನೋಡಿ ಭ್ರಮರಾಂಬಳಿಗೆ ಅರ್ಥವಾಯಿತು. ಆಮೇಲೆ ಅಕ್ಕನ ಕಡೆ ತಿರುಗಿದಳು.

"ನಿಮಗೆ ಆಪರೇಷನ್ ಆಗಿ ಎಷ್ಟು ವರ್ಷವಾಯಿತು ವದಿನಾ?"

"ಆರು."

"ಆವತ್ತು ನಾನು ಕೇಳಿದಾಗ ಚಾಪೆಯ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದಿರಿ."

ಅಕ್ಕ ಬಿಕ್ಕಿದರು. ಭ್ರಮರಾಂಬ ಅವರ ಬಾತ ಕೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡಳು.

"ಬೇಡ, ಅಳಬೇಡಿ. ಮದುವೆಗೆ ಮುಂಚೆ ಹೇಗೆ ಹೇಳುತ್ತೀರಿ? ನಾನಾಗಿದ್ದರೂ ಹೇಳುತ್ತಿರಲಿಲ್ಲ." ದನಿ ತಗ್ಗಿಸಿದಳು. "ನಮ್ಮ ವಿಜಯಲಕ್ಷ್ಮೀಗೆ ಇನ್ನೂ ಗಂಡು ನೋಡಬೇಕು. ನನ್ನದೂ ಹೊರಗೆ ಬಿಡಬೇಡಿ. ಯಾರಾದರೂ ಕೇಳಿದರೆ ಗರ್ಭಕೋಶದ್ದೇ ತಿರುಗಿ ತೊಂದರೆ ಕೊಟ್ಟಿತು ಅಂತ ಹೇಳಿ. ನಿಮ್ಮ ಮಗಳ ಮೇಲಾಣೆ."

ಅಕ್ಕ ಆಣೆ ಕೊಟ್ಟರು. ಕೊಡದೆ ಬೇರೆ ದಾರಿ ಏನಿತ್ತು?

ಭ್ರಮರಾಂಬ ಹೋದದ್ದು ಕಾರ್ತಿಕದಲ್ಲಿ. ಅವಳ ಗಂಡ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಕಾಲೋನಿಯ ಹೆಂಗಸರೆಲ್ಲ ನೋಡಲು ಬಂದರು. ಮೆಟ್ಟಿಲ ಬುಡದಲ್ಲಿ ನಿಂತು, ಏನಾಗಿತ್ತು ಎಂದು ಕೇಳಿದವರಿಗೆಲ್ಲ ಹರಿಣಾಕ್ಷಿ ಅಕ್ಕನೇ ಉತ್ತರ ಕೊಡುತ್ತಿದ್ದರು. ಗರ್ಭಕೋಶದ ತೊಂದರೆ, ಪಾಪ, ಎನ್ನುತ್ತಿದ್ದರು. ಕೇಳಿದವರು ತಲೆಯಾಡಿಸಿ ಮೇಲೆ ಹತ್ತುತ್ತಿದ್ದರು. ಅವರಲ್ಲಿ ಯಾರ ಮೊಲೆಯಲ್ಲಿ ಗಂಟಿತ್ತೋ, ನಮಗೆ ತಿಳಿಯುವ ಬಗೆಯಿರಲಿಲ್ಲ.