ಬೇಕೆಂದೇ ತಪ್ಪಿದ ಸಾಲು

ಅಖಂಡ ಭಜನೆಯ ಕಟ್ಟಳೆ ನಮ್ಮ ಕಡೆಯವರಿಗೆ ಚಿಕ್ಕಂದಿನಿಂದ ಗೊತ್ತು. ಒಂದು ತಂಡ ಎದ್ದು ಇನ್ನೊಂದು ಕೂರುವಾಗ ದನಿ ಕಡಿಯಬಾರದು. ಬಂದವರು ಸಾಲನ್ನು ಗಟ್ಟಿಯಾಗಿ ಹಿಡಿದರು ಎಂದು ಖಾತ್ರಿಯಾಗುವವರೆಗೆ ಹೋಗುವವರು ನಿಲ್ಲಿಸುವಂತಿಲ್ಲ. ಈ ಕಟ್ಟಳೆಯನ್ನು ಯುರೋಪಿನ ಬರೋಕ್ ಸಂಗೀತಕ್ಕೂ ಹಚ್ಚಬೇಕೆಂಬ ಹಟ ಮಾತ್ರ ನಮ್ಮವರಿಗಲ್ಲದೆ ಇನ್ನಾರಿಗೂ ಬರಲಾರದು.

ಕಾರ್ಯಕ್ರಮ ಕೌದಳ್ಳಿ ಕಡೆಯ ಕೀಬೋರ್ಡ್ ಮೇಷ್ಟ್ರದು. ಚರ್ಚಿನಲ್ಲಿ ನುಡಿಸುತ್ತಾ ಬೆಳೆದವರು. ಮುನ್ನೂರು ವರ್ಷ ಹಳೆಯ ಆ ಸಂಗೀತವೆಂದರೆ ಊಟ ಬಿಟ್ಟು ಕೂರುತ್ತಾರೆ. ಹೋದ ವರ್ಷ ಕೊಳ್ಳೇಗಾಲದಲ್ಲಿ ಒಂದು ಕಲ್ಯಾಣ ಮಂಟಪ ಹಿಡಿದು, ಬೆಳಗಿನಿಂದ ಸಂಜೆಯವರೆಗೆ ಸುತ್ತಲಿನ ತಂಡಗಳೆಲ್ಲ ಸರದಿಯ ಮೇಲೆ ಬರೋಕ್ ನುಡಿಸಬೇಕು, ಅವರವರ ವಾದ್ಯದಲ್ಲಿ, ಅವರವರಿಗೆ ಬಂದಂತೆ, ಎಂದರು. ಸತ್ತೇಗಾಲದ ಮದುವೆ ಬ್ಯಾಂಡಿನವರು ಒಪ್ಪಿದರು. ಯಳಂದೂರಿನ ನಾವು ಕೆಲವು ಟೀಚರುಗಳು ಒಪ್ಪಿದೆವು. ಬಂಡಳ್ಳಿಯ ಹೆಂಗಸರ ಭಜನಾ ಮಂಡಳಿಯೂ ಒಪ್ಪಿತು. ಆ ಮಂಡಳಿಯಲ್ಲಿ ಪಿಟೀಲು ಯಾರದೆಂದು ಕೇಳಿ ತಿಳಿದ ಮೇಲೆ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಅವಳೂ ನಾನೂ ಕೊಳ್ಳೇಗಾಲದ ಒಬ್ಬರೇ ಗುರುಗಳ ಜಗಲಿಯಲ್ಲಿ, ಒಂದೇ ಚಾಪೆಯ ಮೇಲೆ ಕಲಿತವರು. ಬಿಲ್ಲಿಗೆ ಹಚ್ಚುವ ರಾಳದ ಉಂಡೆಯೂ ಇಬ್ಬರಿಗೂ ಒಂದೇ. ನಾನು ತಪ್ಪಿದರೆ ಗುರುಗಳು ಬೈಯುತ್ತಿರಲಿಲ್ಲ, ಅವಳ ಕಡೆ ನೋಡುತ್ತಿದ್ದರು. ಅವಳು ನನ್ನ ಪಕ್ಕಕ್ಕೆ ಸರಿದು, ನನಗೆ ಬರುವವರೆಗೂ ಅದೇ ಸಾಲನ್ನು ನುಡಿಸುತ್ತಿದ್ದಳು. ನನ್ನ ಬೆರಳು ಎಲ್ಲಿ ಜಾರುತ್ತದೆ, ಎಲ್ಲಿ ಜಾರುವುದಿಲ್ಲ ಎಂಬುದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಅವಳನ್ನು ಬಂಡಳ್ಳಿಗೆ ಕೊಟ್ಟರು, ನನ್ನನ್ನು ಯಳಂದೂರಿಗೆ. ನಾವು ಜಗಳವಾಡಲಿಲ್ಲ. ಆಡಿದ್ದರೆ ರಾಜಿಯಾಗುವುದಕ್ಕಾದರೂ ಒಂದು ದಿನ ಸೇರುತ್ತಿದ್ದೆವೇನೋ. ಎರಡು ಬಸ್ಸು ಹತ್ತಿದರೆ ಅವಳ ಮನೆ. ಅವಳಿಗೆ ಕೊಯ್ಲು, ನನಗೆ ಪರೀಕ್ಷೆ. ಅವಳಿಗೆ ಬಾಣಂತನ, ನನಗೆ ಅತ್ತೆಯ ಆಸ್ಪತ್ರೆ. ಮದುವೆ ಮನೆಗಳಲ್ಲಿ ಎದುರಾದರೆ ಕೈ ಹಿಡಿದುಕೊಂಡು “ಬತ್ತೀನಿ ಕಣಮ್ಮಿ ಒಂದಿನ” ಅನ್ನುವುದು. ಮೊಬೈಲು ಬಂದ ಮೇಲೆ ಹಬ್ಬಕ್ಕೊಂದು ಗುಲಾಬಿ ಹೂವಿನ ಚಿತ್ರ ಕಳಿಸುವುದು. ಆ ಗುಲಾಬಿ ಕಂಡರೆ ನನಗೆ ಮೈ ಉರಿಯುತ್ತಿತ್ತು. ನನಗೆ ಬೇಕಾಗಿದ್ದದ್ದು ಅವಳ ಪಕ್ಕದಲ್ಲಿ ಕೂತು ಒಂದು ಸಲ ನುಡಿಸುವುದು, ಅಷ್ಟೇ.

ಒಂದು ತಂಡ ಮುಗಿಸಿ, ಚಪ್ಪಾಳೆಯಾಗಿ, ಆಮೇಲೆ ಇನ್ನೊಂದು ತಂಡ ಎಂಬುದು ಮೇಷ್ಟ್ರ ಲೆಕ್ಕಾಚಾರ. ಬಂಡಳ್ಳಿಯ ಹಿರಿಯ ಹೆಂಗಸೊಬ್ಬರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: “ಅದೆಂಗಾದದು ಸಾ? ಬೆಳ್ಗಿಂದ ಸಂಜೆಗಂಟ ಅಂತೀರಿ, ಮಧ್ಯದಲ್ಲಿ ದನಿ ನಿಲ್ಲುಸ್ಬೇಕು ಅಂತೀರಿ. ನಮ್ ಕೈಲಾಗಕಿಲ್ಲ.”

ಮೇಷ್ಟ್ರು ತಲೆ ಕೆರೆದುಕೊಂಡರು. ಕೊನೆಗೆ ಕೆಳಸ್ವರಗಳ ಒಂದು ಪುಟ್ಟ ಸಾಲನ್ನು ಕೀಬೋರ್ಡಿನಲ್ಲಿ ನುಡಿಸಿ ತೋರಿಸಿದರು. ಬರೋಕ್‌ನಲ್ಲಿ ಇಂಥ ಸಾಲು ಅಡಿಯಲ್ಲಿ ಸುತ್ತಿ ಸುತ್ತಿ ಬರುತ್ತದಂತೆ, ಮೇಲಿನ ರಾಗ ಮಾತ್ರ ಬದಲಾಗುತ್ತದಂತೆ. ತಂಡ ಬದಲಾಗುವಾಗ ತಾವು ಇದನ್ನು ಬಿಡದೆ ನುಡಿಸುವುದು, ಎರಡೂ ತಂಡದ ಮುಂದಾಳುಗಳು ಅದರ ಮೇಲಿನ ರಾಗವನ್ನು ಒಟ್ಟಿಗೆ ನುಡಿಸಿ ಕೈ ಬದಲಾಯಿಸುವುದು ಎಂದಾಯಿತು. ಸರದಿ ನೋಡಿದೆ. ಬಂಡಳ್ಳಿಯವರು ಏಳುವಾಗ ಕೂರಬೇಕಾದವರು ನಾವು. ಅಲ್ಲಿ ಮುಂದಾಳು ಅವಳು, ಇಲ್ಲಿ ನಾನು.

ಕಾರ್ಯಕ್ರಮದ ದಿನ ನೋಡಿದರೆ ಅವಳ ತಲೆ ನರೆತಿತ್ತು, ನನ್ನದೇನೂ ಕಪ್ಪಗಿರಲಿಲ್ಲ. ಪಿಟೀಲಿನ ತಲೆಯನ್ನು ಪಾದಕ್ಕೆ ಆನಿಸಿ ನೆಲದ ಮೇಲೆ ಕೂತಿದ್ದಳು. ಸ್ವರಗಳನ್ನು ನೇರ ನಿಲ್ಲಿಸಿ, ಓಲಾಡಿಸಬೇಡಿ ಎಂದು ಮೇಷ್ಟ್ರು ಊರೂರಿಗೆ ಹೋಗಿ ಮಾಡಿಸಿದ ಅಭ್ಯಾಸದಲ್ಲಿ ಅಂಗಲಾಚಿದ್ದರು. ಅವಳು ಪ್ರತಿಯೊಂದನ್ನೂ ತೊಟ್ಟಿಲಿಗೆ ಹಾಕಿದಂತೆ ತೂಗಿದಳು. ಹಾರ್ಮೋನಿಯಂ, ತಾಳ ಸೇರಿಕೊಂಡವು. ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಮೇಷ್ಟ್ರು ಕೆಳಸ್ವರಗಳ ಸಾಲು ಶುರು ಮಾಡಿದರು, ನಾನು ಹೋಗಿ ಪಕ್ಕದಲ್ಲಿ ಕೂತೆ. ಬಿಲ್ಲು ಎತ್ತಿದೆ. ಒಂದು ಸುತ್ತು ಇಬ್ಬರೂ ಒಂದೇ ದನಿಯಾಗಿ ನುಡಿಸಿದೆವು. ನಾನು ಸಾಲು ಹಿಡಿದೆನೆಂದು ಗೊತ್ತಾದರೆ ಅವಳು ಎದ್ದು ಹೋಗುತ್ತಾಳೆ. ಅದಕ್ಕೆ ತಪ್ಪಿದೆ. ಎಳೆ ಮಗುವಿಗೂ ಬರುವಂಥ, ಸ್ವರಗಳು ಇಳಿಯುವ ಜಾಗದಲ್ಲಿ ಬೇಕೆಂದೇ ಒಂದು ಸ್ವರ ಬಿಟ್ಟೆ.

ಅವಳು ಬಿಲ್ಲು ಇಳಿಸಲಿಲ್ಲ. ಜಗಲಿಯಲ್ಲಿ ಮಾಡುತ್ತಿದ್ದಂತೆ ಮೊಣಕಾಲು ತಾಗುವಷ್ಟು ಹತ್ತಿರ ಸರಿದು, ಇನ್ನೊಮ್ಮೆ ಗಟ್ಟಿಯಾಗಿ ನುಡಿಸಿದಳು. ಮತ್ತೆ ಅಲ್ಲೇ ತಪ್ಪಿದೆ. ಈ ಸಲ ನನ್ನ ಮುಖ ನೋಡಿದಳು. ಮುಂದಿನ ಸುತ್ತಿನಲ್ಲಿ ಅವಳೂ ತಪ್ಪಿದಳು, ನಿದ್ದೆಯಲ್ಲಿಯೂ ತಪ್ಪದಂಥ ಜಾಗದಲ್ಲಿ. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹಿಂದೆ ಅವಳ ಮಂಡಳಿಯವರು “ಅಕ್ಕಾ, ಬಸ್ಸು, ಬಸ್ಸು” ಎಂದು ಸೆರಗು ಎಳೆಯುತ್ತಿದ್ದರು. ಎಷ್ಟು ಸುತ್ತಾಯಿತೋ ನನಗೆ ಗೊತ್ತಿಲ್ಲ. ಕೊನೆಗೆ ಅವಳು ಮೆಲ್ಲಗೆ ಬಿಲ್ಲು ಇಳಿಸಿದಳು. ಆಮೇಲೆ ನಾನು ಒಂದು ಸ್ವರದಲ್ಲೂ ತಪ್ಪಲಿಲ್ಲ.

ನಮ್ಮ ಸರದಿ ಮುಗಿಯಿತು. ಸತ್ತೇಗಾಲದ ಬ್ಯಾಂಡಿನ ಕ್ಲಾರಿನೆಟ್‌ನವರು ಮೊದಲ ಸುತ್ತಿಗೇ ಸಾಲು ಹಿಡಿದರು. ನಾನು ಪಿಟೀಲನ್ನು ಪೆಟ್ಟಿಗೆಗೂ ಹಾಕದೆ ಕಂಕುಳಲ್ಲಿ ಇರುಕಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ. ಬಂಡಳ್ಳಿ ದಾರಿಯ ಹನೂರಿನ ಬಸ್ಸು ಹೊರಡುವುದರಲ್ಲಿತ್ತು. ಅವಳು ಕಿಟಕಿಯ ಪಕ್ಕ ಕೂತಿದ್ದಳು.

“ಮೊದ್ಲಿನ್ ಬಸ್ಸ ತಪ್ಪಿಸ್ಬುಟ್ಟಲ್ಲಮ್ಮಿ. ಎಲ್ರೂ ಬಯ್ತಾವ್ರೆ ನಂಗೆ,” ಅಂದಳು.

“ನೀನೂ ತಪ್ದಲ್ಲ?”

ಅವಳು ನಗಲು ಹೋದಳು, ಆಗಲಿಲ್ಲ. ಕಿಟಕಿಯ ಸರಳಿನ ನಡುವೆ ಕೈ ಚಾಚಿ ನನ್ನ ಬೆರಳ ತುದಿಗಳನ್ನು ಮುಟ್ಟಿ ನೋಡಿದಳು. ತಂತಿ ಒತ್ತಿ ಒತ್ತಿ ಇಬ್ಬರ ಬೆರಳೂ ದಡ್ಡುಗಟ್ಟಿದ್ದವು. ಬಸ್ಸು ಅಲುಗಿತು.

“ಬತ್ತೀನಿ ಕಣಮ್ಮಿ ಒಂದಿನ,” ಅಂದಳು.

“ನಾನೇ ಬತ್ತೀನಿ, ಇರು,” ಅಂದೆ.

ಹಾಗಂದು ಒಂದು ವರ್ಷವಾಯಿತು. ಮೊನ್ನೆ ಹಬ್ಬಕ್ಕೆ ಅವಳಿಂದ ಗುಲಾಬಿ ಬಂತು. ನಾನೂ ಒಂದು ಕಳಿಸಿದೆ.