ಅಕ್ಕಿಹೆಬ್ಬಾಳಿನ ಒನ್ಸ್ ಮೋರು

ಗಂಡ ಸತ್ತಿದ್ದಕ್ಕೆ ಅತ್ತೆ, ಸರಿ. ಆದ್ರೆ ಅವತ್ತು ನಾನು ಸೆರಗಲ್ಲಿ ಮಖ ಮುಚ್ಕೊಂಡಿದ್ದು ಅಳೂಗಲ್ಲ ಕಣ್ರಪ್ಪ, ನಾಚ್ಕೆಗೆ.

ನಮ್ಮೆಜಮಾನ್ರು ದೇವಲಾಪುರದ ಚೌಡಯ್ಯ ಅಂದ್ರೆ ನಾಕು ತಾಲ್ಲೂಕಿಗೂ ಹೆಸ್ರು. ಯಾವೂರಲ್ಲಿ ಪೌರಾಣಿಕ ನಾಟ್ಕ ಕಟ್ಟುದ್ರೂ ಕೃಷ್ಣನ ಪಾರ್ಟ್ ಮಾಡಕ್ಕೆ ಇವ್ರೇ ಬರ್ಬೇಕು. ಸಂಧಾನದ ಹಾಡು ಮುಗೀತಿದ್ದಂಗೆ ಜನ "ಒನ್ಸ್ ಮೋರ್" ಅಂತ ಕೂಗ್ಬೇಕು, ಇವ್ರು ಕೈ ಮುಗ್ದು ಇನ್ನೊಂದ್ಸಲ ಹಾಡ್ಬೇಕು. ಮನೇಲಿ ಉಪ್ಪಿಲ್ಲ ಅಂದ್ರೂ ರಾಗ್ವಾಗೇ ಉತ್ರ ಕೊಡೋ ಆಸಾಮಿ!

ದನಿ ಚಿನ್ನ, ಬಾಯಿ ಮಾತ್ರ ಕೆಟ್ಟದ್ದು. ಬೆಳಗೊಳದ ಮರಗೆಲ್ಸದ ನಂಜಪ್ಪ ಇವ್ರ ಜೊತೆಗೇ, ಒಬ್ರೇ ಮೇಷ್ಟ್ರ ಹತ್ರ ಹಾಡು ಕಲ್ತೋನು. ವಯಸ್ಸಲ್ಲಿದ್ದಾಗ ತಾಲೀಮಲ್ಲಿ ಎಲ್ರ ಮುಂದೆ, "ಬಾಗ್ಲು ಕೆತ್ತೋನಿಗೆ ಕೃಷ್ಣನ ಪಾರ್ಟ್ ಯಾಕ್ಲಾ? ಗರಗಸ ಎಳ್ದಂಗದೆ ನಿನ್ ದನಿ" ಅಂತ ಇವ್ರು ನಗಾಡ್ಬುಟ್ರು. ಆಮ್ಯಾಲೆ ಆ ಮನ್ಸ ಸ್ಟೇಜ್ ಹತ್ತಲೇ ಇಲ್ಲ.

ಹೋದ್ ವರ್ಷ ಇವ್ರಿಗೆ ಗಂಟ್ಲು ಕ್ಯಾನ್ಸರ್ರು. ದನಿ ಉಡುಗೋಯ್ತು. ಅಕ್ಕಿಹೆಬ್ಬಾಳಿನೋರಿಗೆ ಸಂಧಾನದ ಹಾಡೊಂದಕ್ಕೆ ಬಂದೋಗ್ತೀನಿ ಅಂತ ಮೊದ್ಲೇ ಮಾತು ಕೊಟ್ಟಿದ್ರು. "ದನಿ ಹೋಗದೆ ಅಂತ ಯಾರ್ಗೂ ಹೇಳ್ಬ್ಯಾಡ ಕಣೆ, ಒಂದ್ಸಲ ಒನ್ಸ್ ಮೋರ್ ಕೇಳುಸ್ಕೊಂಡು ಸಾಯ್ತೀನಿ" ಅಂತ ಪಿಸಪಿಸ ಅಂದು ಅತ್ರು. ನಾನೇ ಬಸ್ಸತ್ತಿ ಬೆಳಗೊಳಕ್ಕೋದೆ. ಯಾವ್ ಮಖ ಹೊತ್ಕೊಂಡು ಕೇಳುದ್ನೋ! ನಂಜಪ್ಪಣ್ಣ ಉಳಿ ಕೆಳಗಿಟ್ಟು, "ಅಳ್ಬ್ಯಾಡ ಬುಡವ್ವ. ಪರದೆ ಪಕ್ಕ ನಿಂತು ನಾನ್ ಹಾಡ್ತೀನಿ, ಅವ್ನು ಬಾಯಾಡುಸ್ಲಿ. ಹಾರ್ಮೋನಿ ಮೇಷ್ಟ್ರು ಬುಟ್ರೆ ಯಾರ್ಗೂ ತಿಳೀಬಾರ್ದು" ಅಂದ.

ಹಾಡ್ದ. ನಾಟ್ಕದ ರಾತ್ರಿ ಏನ್ ಹಾಡ್ದ ಅಂತೀರಿ! ಒನ್ಸ್ ಮೋರು ಒಂದಾದ್ಮೇಲೊಂದು ಬಂತು. ಊರೋರು ಇವ್ರಿಗೆ ಶಾಲು ಹೊದ್ಸುದ್ರು, ಇವ್ರು ಹೊದ್ಸುಸ್ಕೊಂಡ್ರು. ಪರದೆ ಕಡೆ ತಿರುಗೂ ನೋಡ್ಲಿಲ್ಲ. ಥೂ ಅನ್ನುಸ್ಬುಡ್ತು ನಂಗೆ.

ಇವ್ರು ಹಾಸ್ಗೆ ಹಿಡುದ್ ಮ್ಯಾಲೆ ನಂಜಪ್ಪಣ್ಣ ನೋಡಕ್ ಬಂದ. ಇವ್ರು ಗೋಡೆ ಕಡೆ ತಿರುಕ್ಕೊಂಡ್ರು. ಸಿಟ್ಟಲ್ಲ, ನಾಚ್ಕೆ. ಕಣ್ಣಲ್ಲಿ ನೀರ್ ಇಳೀತಿತ್ತು. ಅವ್ನು ವಸಿ ಹೊತ್ತು ಕಾಲ್ ಪಕ್ಕ ಕೂತಿದ್ದು ಎದ್ದೋದ.

ಸತ್ತ ದಿನ ಹೆಣದ ಮುಂದೆ ಭಜನೆ ನಡೀತಿತ್ತು. ನಾಟ್ಕದೋರೆಲ್ಲ ಬಂದಿದ್ರು. ನನ್ ಮೈದುನನ ಮಗ ಕಿಶನ್ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದ ಅಕ್ಕಿಹೆಬ್ಬಾಳಿನ ಹಾಡು ಹಾಕ್ಬುಟ್ಟ. "ನೋಡ್ರಪ್ಪ, ಸಾಯೋ ಕಾಲ್ದಲ್ಲೂ ದೊಡ್ಡಪ್ಪನ ದನಿ ಎಂಗದೆ!" ಎಲ್ರೂ ಗೊಳೋ ಅಂದ್ರು. ಮೂಲೇಲಿ ಕೂತಿದ್ದ ನಂಜಪ್ಪಣ್ಣನೂ ಕಣ್ಣೊರುಸ್ಕೊಂಡ.

"ಜೊತೇಲಿ ಕಲ್ತೋರು, ನೀವೂ ಒಂದ್ ಹಾಡಿ" ಅಂತ ಯಾರೋ ಅಂದ್ರು.

"ಗಂಟ್ಲು ಕಟ್ಕೊಂಡದೆ, ಬ್ಯಾಡ" ಅಂದ. ಹಾಡುದ್ರೆ ಫೋನಿನ ದನಿ ಯಾರ್ದು ಅಂತ ಗೊತ್ತಾಗ್ಬುಡ್ತದಲ್ಲ!

"ಸತ್ತೋರ್ ಮ್ಯಾಲೂ ಹೊಟ್ಟೆಕಿಚ್ಚಾ?" ಅಂದ ಕಿಶನ್. ನಂಜಪ್ಪಣ್ಣ ತಲೆ ಬಗ್ಗುಸ್ದ.

ಭೂಮಿ ಬಾಯ್ ಬುಡಬಾರ್ದಾ ಅನ್ನುಸ್ತು. ಗಂಡನ ಮಾನ ಒಂದ್ ಕಡೆ, ಆ ಮಾನಕ್ಕೆ ಬೈಸ್ಕೊಂಡು ಕೂತಿರೋ ಈ ಮನ್ಸ ಒಂದ್ ಕಡೆ. ಎದ್ದೋಗಿ ಅವ್ನ ಮುಂದೆ ಕೈ ಮುಗ್ದೆ.

"ಹಾಡಣ್ಣ. ಸಂಧಾನದ ಹಾಡೇ ಹಾಡು."

"ಬ್ಯಾಡ ಕಣವ್ವ, ಅವ್ನ ಹೆಸ್ರು..."

"ನಿನ್ ಕಾಲ್ಗೆ ಬೀಳ್ತೀನಿ, ಹಾಡು."

ಹಾಡ್ದ. ಮೊದುಲ್ನೇ ಸಾಲು ಮುಗ್ಯೋಕ್ ಮುಂಚೆ ಅಳ್ತಿದ್ದೋರೆಲ್ಲ ತಲೆ ಎತ್ತಿ ಅವ್ನ್ ಕಡೆ ತಿರುಗುದ್ರು. ಕಿಶನ್ ತನ್ ಕೈಲಿದ್ದ ಫೋನ್ ನೋಡ್ದ, ನಂಜಪ್ಪಣ್ಣನ್ನ ನೋಡ್ದ, ಆಮ್ಯಾಲೆ ನನ್ ಮಖ ನೋಡ್ದ. ನಾನು ಹೂಂ ಅಂತ ತಲೆಯಾಡುಸ್ದೆ. ಸೆರಗು ಮಖಕ್ಕೆ ಎಳ್ಕೊಂಡೆ. ಮಣ್ಣಿಗೆ ಎತ್ಕೊಂಡು ಹೋಗೋಗಂಟ ಗಂಡನ ಮಖ ನೋಡಕ್ಕೆ ನಂಗೆ ಧೈರ್ಯ ಬರ್ಲಿಲ್ಲ.