ಮೊರದಲ್ಲಿ ಎರಡು ಗುಡ್ಡೆ

ಮಕ್ಕಳೇ, ನೀವು ತಂದ ಕಾಫಿ ಬೀಜದ ಪೊಟ್ಟಣ ಬಿಚ್ಚಿದಾಗ ಬಂದ ವಾಸನೆಗೆ ನನ್ನ ಕೈ ಅಲ್ಲೇ ನಿಂತಿತು. ಮೇಲೆ ಬರೆದದ್ದನ್ನು ನೀವು ಹೆಮ್ಮೆಯಿಂದ ಓದಿದಿರಿ: ನಮ್ಮ ದೇಶದ ಕಾಫಿ, ಮರದ ನೆರಳಲ್ಲಿ ಬೆಳೆದದ್ದು, ಹಣ್ಣಾದದ್ದನ್ನಷ್ಟೇ ಬಿಡಿಸಿದ್ದು. ಬಿಡಿಸಿದವರ ಹೆಸರು ಇದೆಯೇ ಎಂದು ಕೇಳಲು ನನಗೆ ಸಂಕೋಚವಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಯಲ್ಲದಕೆರೆಯ ನಮ್ಮ ಮನೆಯಿಂದ ದೊಡ್ಡವ್ವ ಹನುಮಕ್ಕ ದೀಪಾವಳಿ ಕಳೆದ ಮೇಲೆ ಕಾಫಿ ಬಿಡಿಸಲು ಘಟ್ಟದ ತೋಟಕ್ಕೆ ಹೋಗುತ್ತಿದ್ದಳು. ಒಮ್ಮೆ ಸೆರಗಿನ ಗಂಟಿನಲ್ಲಿ ನಾಲ್ಕು ಬೀಜ ತಂದು, ಬಚ್ಚಲ ನೀರು ಹರಿಯುವಲ್ಲಿ, ಹೊಂಗೆ ಮರದ ಕೆಳಗೆ ಊರಿದಳು. ಒಂದು ಗಿಡ ಉಳಿಯಿತು. "ಏನವ್ವ ಹನುಮಕ್ಕ, ನಮ್ಮನ್ನೂ ಕೂಲಿಗೆ ಕರಿತೀಯೇನು?" ಎಂದು ಪಕ್ಕದ ಮನೆಯ ಕುರಿ ಕಾಯುವ ಈರಜ್ಜ ಹಂಗಿಸಿದರೆ, "ಬರ್ರಿ, ಮೊದ್ಲು ನಿಮ್ ಕುರಿ ಕಟ್ಟಾಕ್ರಿ" ಎನ್ನುತ್ತಿದ್ದಳು. ನನಗೆ ಮಾತ್ರ ಮೆಲ್ಲಗೆ, "ಲೇ ಹುಡುಗಿ, ಹಸ್ರು ಮುಟ್ಟಬ್ಯಾಡ. ಕೆಂಪಾಗೋವರ್ಗೂ ಅದು ಗಿಡದ್ದು, ಆಮ್ಯಾಲೆ ನಮ್ದು" ಎಂದಿದ್ದಳು.

ಗಿಡ ಮೊದಲ ಸಲ ಕಾಯಿ ಕಚ್ಚಿದ ವರ್ಷ ಅವಳು ಘಟ್ಟದಲ್ಲಿದ್ದಳು. ಬಂದ ಕೂಡಲೇ ಅವಳದೇ ಗಿಡದ ಕಾಫಿ ಕುಡಿಸಬೇಕೆಂಬ ಆಸೆಗೆ ಒಂದು ಮಧ್ಯಾಹ್ನ ನಾನು ಹಸಿರು ಕೆಂಪು ನೋಡದೆ ಇಡೀ ಗಿಡ ಬರಿದು ಮಾಡಿ ಮೊರಕ್ಕೆ ಸುರಿದೆ. ಸುರಿದ ಮೇಲೆ ಹೆದರಿಕೆಯಾಯಿತು. ಒಳಗೆ ಹೋಗಿ ನೀರು ಕುಡಿದು ಬಂದೆ. ಮೊರದಲ್ಲಿ ಎರಡು ಗುಡ್ಡೆ. ಕೆಂಪು ಒಂದು ಕಡೆ, ಹಸಿರು ಇನ್ನೊಂದು ಕಡೆ. ಅಂಗಳದಲ್ಲಿ ಯಾರೂ ಇರಲಿಲ್ಲ, ಹೊಂಗೆಯ ಒಂದೆಲೆಯೂ ಅಲುಗುತ್ತಿರಲಿಲ್ಲ. ಘಟ್ಟದಿಂದ ಬಂದಾಗ ಅವಳ ಸೆರಗಿಗೆ ಅಂಟಿರುತ್ತಿದ್ದ ಹಣ್ಣಿನ ಸಿಪ್ಪೆಯ ಸಿಹಿ ವಾಸನೆ ಮಾತ್ರ ಅಲ್ಲಿತ್ತು. ಸಂಜೆ ಹೀಗೆ ಬೇರೆ ಮಾಡಿ ಕೊಟ್ಟ ಮೇಲೆಯೇ ತೋಟದಲ್ಲಿ ಮನೆಗೆ ಬಿಡುತ್ತಾರೆಂದು ಅವಳು ಹೇಳುತ್ತಿದ್ದಳು. ನಮ್ಮಲ್ಲಿ ಆ ಕೆಲಸ ಬಲ್ಲವರು ಬೇರೆ ಯಾರೂ ಇರಲಿಲ್ಲ.

ಹೊಲದಿಂದ ಬಂದ ಅವ್ವನಿಗೆ, "ದೊಡ್ಡವ್ವ ಬಂದವಳೆ" ಎಂದೆ. "ಮತ್ತೆ ಅವಳ ಗಂಟು ಎಲ್ಲೈತೆ?" ಎಂದು ಅವ್ವ ಮನೆಯೆಲ್ಲ ಹುಡುಕಿದಳು. ಮೂರನೇ ದಿನ, ಜತೆಗೆ ಹೋಗಿದ್ದ ಹೆಂಗಸರು ಆ ಗಂಟು ತಂದುಕೊಟ್ಟರು. ಜ್ವರ ಬಂದು ದೊಡ್ಡವ್ವ ಘಟ್ಟದಲ್ಲಿ ತೀರಿಕೊಂಡದ್ದು ನಾನು ಗಿಡ ಬರಿದು ಮಾಡಿದ ಅದೇ ಮಧ್ಯಾಹ್ನ. ಅಲ್ಲೇ ಮಣ್ಣು ಮಾಡಿದ್ದರು.

ಹಸಿರು ಕಾಯಿಗಳನ್ನು ನಾನು ಗಿಡದ ಬುಡದಲ್ಲಿ ಹೂತೆ. ಕೆಂಪು ಹಣ್ಣು ಒಣಗಿಸಿ, ಬೀಜ ಹುರಿದು, ಬೆಲ್ಲ ಹಾಕಿ ಕಾಸಿದ ಮೊದಲ ಲೋಟವನ್ನು ಹೊಂಗೆಯ ಕೆಳಗಿಟ್ಟೆವು. ಈಗ ಆ ಮನೆ ಇಲ್ಲ, ಗಿಡವಿಲ್ಲ, ಹೊಂಗೆಯೂ ಇಲ್ಲ. ನೀವು ತಂದ ಬೀಜವನ್ನು ಇವತ್ತು ಬೆಳಿಗ್ಗೆ ಮೊರಕ್ಕೆ ಸುರಿದು, ನೀರಿನ ನೆಪ ಮಾಡಿಕೊಂಡು ಒಳಗೆ ಹೋದೆ. ಬೇಕೆಂತಲೇ ಸ್ವಲ್ಪ ತಡ ಮಾಡಿ ಬಂದೆ.